ಗುಡ್ಡದ ನೀರಿನ ದಾರಿ ಬಲ್ಲವರನ್ನು ಕೇಳಿ ಯೋಜನೆ ಮಾಡಿ: ಮಲೆನಾಡಿನ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಹೊಣೆ ಹೊತ್ತಿರುವ ಎಲ್ಲರಿಗೂ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೂ ನಮಸ್ಕಾರಗಳು.

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನ ಒಂದು ಮಜರೆಯಲ್ಲಿ ಅಡಿಕೆ ತೋಟ, ಅದರ ಕೆಳಗೆ ಸ್ವಲ್ಪ ಗದ್ದೆ ಮಾಡಿಕೊಂಡಿರುವ ಕೃಷಿಕ. ನಮ್ಮ ಪಂಚಾಯಿತಿಯ ಗ್ರಾಮ ಸಭೆಗಳನ್ನು ತಪ್ಪಿಸುವುದಿಲ್ಲ. ಈಚಿನ ಸಭೆಗಳಲ್ಲಿ ಹವಾಮಾನ ಬದಲಾವಣೆಯ ಮಾತು ಕೇಳಿಬರುತ್ತಿದೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆ ತಯಾರಿಸುವಾಗ ಜಲ ಸಮೃದ್ಧ ಗ್ರಾಮ, ಸ್ವಚ್ಛ ಮತ್ತು ಹಸಿರು ಗ್ರಾಮ ಎಂಬ ವಿಷಯಗಳನ್ನು ಓದಿ ಹೇಳುತ್ತಾರೆ, ಗಿಡ ನೆಡುವ ಲೆಕ್ಕ, ಇಂಗುಗುಂಡಿಯ ಲೆಕ್ಕ ಬರೆದುಕೊಳ್ಳುತ್ತಾರೆ. ಪಂಚಾಯಿತಿ ಮಟ್ಟದಲ್ಲಿ ಇಷ್ಟಾದರೂ ಶುರುವಾಗಿದೆ ಎಂಬುದು ನನಗೆ ನಿಜವಾಗಿ ಸಮಾಧಾನ ಕೊಟ್ಟ ಸಂಗತಿ. ಆದರೆ ಶುರುವಾಗಿರುವ ಬಗೆ ನೋಡಿದರೆ ಭಯವೂ ಆಗುತ್ತದೆ. ಆ ಭಯ ಏನು, ಅದಕ್ಕೆ ನಿಮ್ಮಿಂದ ಏನಾಗಬೇಕು ಎಂದು ಹೇಳುವುದಕ್ಕಾಗಿ ಈ ಪತ್ರ.

ಮಲೆನಾಡಿನಲ್ಲಿ ಒಂದು ಊರಿಗೆ ಒಳ್ಳೆಯದು ಮಾಡುವ ಕೆಲಸ ಪಕ್ಕದ ಊರಿಗೆ ಕೇಡು ತರಬಹುದು. ಇಲ್ಲಿ ಎರಡು ಮೈಲಿಗೆ ಮಣ್ಣು ಬದಲಾಗುತ್ತದೆ, ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬಂದ ಒಂದೇ ನಮೂನೆಯನ್ನು ಶಿಕಾರಿಪುರದ ಬಯಲಿಗೂ ಆಗುಂಬೆಯ ಇಳಿಜಾರಿಗೂ ಹಾಕಿದರೆ ಹವಾಮಾನದ ಪೆಟ್ಟು ತಡೆಯುವ ಶಕ್ತಿ ಬರುವುದಿಲ್ಲ; ಕೆಲವು ಕಡೆ ಇರುವ ಶಕ್ತಿಯೂ ಹೋಗುತ್ತದೆ. ಆದ್ದರಿಂದ ಯೋಜನೆ ಊರಲ್ಲೇ ಹುಟ್ಟಬೇಕು, ಊರಿನ ನೀರಿನ ದಾರಿ ಬಲ್ಲವರ ಬಾಯಿಂದ ಹುಟ್ಟಬೇಕು.

ಮಳೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಕೇಳಿದರೆ ಈಗ ಒಂದೇ ಮಾತಿನ ಉತ್ತರವಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತು; ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ತೋಟಗಳ ಮೇಲೆ ಬಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಲೇ ಇಲ್ಲ. ಮರುವರ್ಷ ಅದೇ ಲಿಂಗನಮಕ್ಕಿಯ ಗೇಟು ತೆರೆದು ನೀರು ಬಿಟ್ಟರು. ಆ 2024ರ ಜುಲೈ 16ರಂದು ಘಟ್ಟದ ಕೆಳಗೆ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು, 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಬರ, ಪ್ರವಾಹ, ಕುಸಿತ ಮೂರೂ ಒಂದೇ ಪ್ರದೇಶಕ್ಕೆ ಒಂದರ ಬೆನ್ನಿಗೆ ಒಂದು ಬರುತ್ತಿವೆ. ಒಂದಕ್ಕೆ ಸಿದ್ಧವಾದವನು ಇನ್ನೊಂದಕ್ಕೆ ಸಿಕ್ಕಿಬೀಳುತ್ತಾನೆ.

ತೋಟದ ಕೆಲಸವನ್ನೇ ನೋಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದು ಮನೆಮನೆಗೂ ಗೊತ್ತಿರುವ ಲೆಕ್ಕ. ಗೊತ್ತಿಲ್ಲದೆ ಹೋಗಿರುವುದು ಯಾವಾಗ ಹೊಡೆಯಬೇಕು ಎಂಬುದು. ಮೊದಲು ಆರಿದ್ರಾ, ಪುನರ್ವಸು ಮಳೆಗಳ ನಡುವೆ ಒಂದು ಹೊಳವು, ಅಂದರೆ ಮಳೆಯ ಬಿಡುವು, ಸಿಗುತ್ತಿತ್ತು, ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ, ಗೊನೆ ಇಳಿಸುವ ಕೊನೆಗೌಡರು ಮರ ಹತ್ತುತ್ತಿದ್ದರು. ಈಗ ಜೂನ್ ಒಣಗಿರುತ್ತದೆ, ಜುಲೈಯಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡುವುದಿಲ್ಲ, ಹೊಡೆದ ಔಷಧಿ ಗೊನೆಗೆ ಅಂಟುವ ಮೊದಲೇ ತೊಳೆದುಹೋಗುತ್ತದೆ. ಅಡಿಕೆ ಸುಲಿದು ಬೇಯಿಸಿ ಅಂಗಳಕ್ಕೆ ಹರಡಿದ ಮೇಲೆ ನವೆಂಬರಿನಲ್ಲೂ ಮಳೆ ಬರುತ್ತದೆ. ಇದರ ಜೊತೆಗೆ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ತೋಟಗಳನ್ನು ಹಿಡಿದು ಹಲವು ಮನೆಗಳ ಲೆಕ್ಕವನ್ನೇ ಬುಡಮೇಲು ಮಾಡಿದೆ. ಮನೆಯ ಮಕ್ಕಳಿಗೆ ತೋಟ ನೋಡಿಕೊಳ್ಳಿ ಎಂದು ಹೇಳುವ ಧೈರ್ಯ ಎಷ್ಟೋ ಹಿರಿಯರಲ್ಲಿ ಉಳಿದಿಲ್ಲ. ಹವಾಮಾನ ಬದಲಾವಣೆ ಎಂದರೆ ನಮ್ಮಲ್ಲಿ ಇದು.

ಇನ್ನು ಇಂಗುಗುಂಡಿಯ ವಿಷಯಕ್ಕೆ ಬರುತ್ತೇನೆ. ನನ್ನ ದೊಡ್ಡ ಆತಂಕ ಇರುವುದು ಇಲ್ಲಿಯೇ.

ಬಯಲುಸೀಮೆಯಲ್ಲಿ ಬಿದ್ದ ಹನಿಯನ್ನು ಅಲ್ಲೇ ಇಂಗಿಸು ಎನ್ನುವುದು ಸರಿಯಾದ ಮಾತು. ನಮ್ಮ ಜಿಲ್ಲೆಯಲ್ಲೂ ಶಿಕಾರಿಪುರ, ಸೊರಬದ ಪೂರ್ವ ಭಾಗ, ಭದ್ರಾವತಿಯ ಒಣ ಹೋಬಳಿಗಳಿಗೆ ಅದು ಬೇಕೇ ಬೇಕು. ಆದರೆ ಪಶ್ಚಿಮದ ಕಡಿದಾದ ಇಳಿಜಾರುಗಳ ಸ್ಥಿತಿ ಬೇರೆ. ಅಲ್ಲಿ ಎಷ್ಟೋ ಕಡೆ ಮೇಲೆ ಜಂಬಿಟ್ಟಿಗೆಯ ಪದರ, ಅದರಡಿಯಲ್ಲಿ ಬಿಳಿಚಿದ ಶೇಡಿ ಮಣ್ಣು. ಬೇಸಿಗೆಯಲ್ಲಿ ಹಾರೆಗೂ ಜಗ್ಗದ ಈ ಶೇಡಿ ಮಣ್ಣು ನೀರು ಕುಡಿದರೆ ಬಿಗಿ ಬಿಟ್ಟು ಜಾರತೊಡಗುತ್ತದೆ. ಒಂದೇ ದಿನ 300 ಮಿಲಿಮೀಟರ್ ಮಳೆ ಸುರಿದರೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 12 ಲಕ್ಷ ಲೀಟರ್. ಅಂಥ ಕಡೆ ಗುಡ್ಡದ ನೆತ್ತಿಯಲ್ಲಿ ಸಾಲಾಗಿ ಗುಂಡಿ ತೋಡಿ ನೀರು ನಿಲ್ಲಿಸುವುದೆಂದರೆ ಆ ಭಾರವನ್ನೂ ಆ ನೀರನ್ನೂ ನೇರವಾಗಿ ಶೇಡಿ ಪದರಕ್ಕೆ ಇಳಿಸಿದಂತೆ. ಕೆಳಗೆ ಮನೆ ಕಟ್ಟಲು, ರಸ್ತೆ ಅಗಲಿಸಲು ಜೆಸಿಬಿ ತಂದು ಧರೆಯ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚಿನ, ಬುಡವನ್ನು ಮೊದಲೇ ಕಡಿದಿರುತ್ತಾರೆ. ಮೇಲಿನಿಂದ ಭಾರ, ಕೆಳಗೆ ಆಸರೆಯಿಲ್ಲ. ಧರೆ ಬೀಳದೆ ಇನ್ನೇನಾಗುತ್ತದೆ?

ಇಂಥ ಜಾಗಗಳಲ್ಲಿ ಮಾಡಬೇಕಾದ ಕೆಲಸ ಇದರ ತದ್ವಿರುದ್ಧ. ನೀರು ನಿಲ್ಲದೆ, ಮಣ್ಣು ಕೊರೆಯದೆ, ಸಾವಕಾಶವಾಗಿ ಹಳ್ಳ ಸೇರುವ ಹಾಗೆ ಬಸಿಗಾಲುವೆ ಬಿಡಿಸಬೇಕು. ಮೊದಲಿನವರು ತೋಟದ ತಲೆಯ ಮೇಲೆ ಅಗಳ, ಅಂದರೆ ಕಂದಕ, ತೆಗೆದು ನೀರನ್ನು ಸುತ್ತು ಬಳಸಿ ಕಳಿಸುತ್ತಿದ್ದುದು ಇದೇ ಕಾರಣಕ್ಕೆ. ಹಾಳು ಬಿದ್ದ ಅಗಳಗಳನ್ನು ಬಿಡಿಸಿಕೊಡಿ ಎಂದು ಕೇಳಿದರೆ ಹೊಸ ಇಂಗುಗುಂಡಿಗೆ ಗುರಿ ನಿಗದಿಯಾಗಿದೆ, ಹಳೆಯ ಅಗಳಕ್ಕೆ ಹಣದ ಲೆಕ್ಕಶೀರ್ಷಿಕೆ ಇಲ್ಲ ಎಂಬ ಉತ್ತರ ಬರುತ್ತದೆ. ಇದು ಯಾವೊಬ್ಬ ಅಧಿಕಾರಿಯ ತಪ್ಪೂ ಅಲ್ಲ. ಗುರಿ ಮೇಲಿನಿಂದ ಇಳಿದುಬರುತ್ತದೆ, ಕೆಳಗಿನವರು ಅದನ್ನು ಮುಟ್ಟಿಸುತ್ತಾರೆ. ಆದರೆ ಜೀವ ಹೋಗುವುದು ಕೆಳಗೆ. ಇಷ್ಟು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ, ಮನೆಗಳ ನೆತ್ತಿಯಲ್ಲಿ ಇಂಗುಗುಂಡಿ ತೋಡಬಾರದು ಎಂದು ಭೂವಿಜ್ಞಾನಿಗಳನ್ನು ಕೇಳಿ ಒಂದು ನಿಯಮ ಮಾಡಿಕೊಡಿ ಎಂದು ಜಿಲ್ಲಾ ಪಂಚಾಯಿತಿಯನ್ನು ಕೈಮುಗಿದು ಕೇಳುತ್ತೇನೆ. ಆ ನಿಯಮ ಬರುವವರೆಗೆ ಅಂಥ ಜಾಗಗಳಲ್ಲಿ ಗುರಿ ಮುಟ್ಟಲಿಲ್ಲವೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು (ಪಿಡಿಒ) ಪ್ರಶ್ನಿಸಬೇಡಿ.

ಧರೆಯ ಕೆಳಗೆ ಮನೆ ಕಟ್ಟಿಕೊಂಡವರು ಯಾರು ಎಂಬುದನ್ನೂ ಇಲ್ಲಿ ಹೇಳಬೇಕು. ಬಹುಪಾಲು ಅವರು ತುಂಡು ಜಾಗದ ಕೂಲಿಕಾರರು, ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡು ಗುಡ್ಡ ಹತ್ತಿದವರ ಮಕ್ಕಳು ಮೊಮ್ಮಕ್ಕಳು, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡಿಕೊಡಿ ಎಂದು 94ಸಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುವವರು. ಸಮತಟ್ಟಾದ ಜಾಗವೆಲ್ಲ ಗದ್ದೆ, ತೋಟ, ಹಿನ್ನೀರು ಆಗಿ ಹೋದ ಮೇಲೆ ಅವರಿಗೆ ಉಳಿದದ್ದು ಧರೆಯ ಅಂಚು. ಮಳೆ ಜೋರಾದ ರಾತ್ರಿ ಗ್ರಾಮ ಆಡಳಿತ ಅಧಿಕಾರಿಗಳು ಬಂದು ಶಾಲೆಗೆ ಹೋಗಿ ಮಲಗಿ ಎನ್ನುತ್ತಾರೆ. ದನಕರು ಬಿಟ್ಟು, ಒಲೆ ಬಿಟ್ಟು, ಹಾಸಿಗೆ ಹಿಡಿದ ಅಜ್ಜಿಯನ್ನು ಹೊತ್ತುಕೊಂಡು ಹೋಗುವುದು ಅಷ್ಟು ಸುಲಭವಲ್ಲ. ಯಾವ ಮನೆಯ ಹಿಂದಿನ ಧರೆ ಬಿರುಕು ಬಿಟ್ಟಿದೆ, ಯಾವುದಕ್ಕೆ ಕಲ್ಲಿನ ಪಿಚ್ಚಿಂಗ್ ಕಟ್ಟಿದರೆ ಸಾಕು, ಯಾವುದನ್ನು ಸ್ಥಳಾಂತರಿಸಲೇಬೇಕು ಎಂಬುದನ್ನು ಬೇಸಿಗೆಯಲ್ಲೇ ನೋಡಿ ಬರೆದಿಡಬಹುದು. ವಾರ್ಡ್ ಸದಸ್ಯರು ಒಬ್ಬ ಎಂಜಿನಿಯರ್ ಜೊತೆಗೆ ಮನೆಯಿಂದ ಮನೆಗೆ ನಡೆದರೆ ಈ ಪಟ್ಟಿ ತಯಾರಾಗುತ್ತದೆ. ಅಂಥ ಪಟ್ಟಿ ಇಲ್ಲದ ಪಂಚಾಯಿತಿ ಮಳೆಗಾಲಕ್ಕೆ ಸಿದ್ಧವಾಗಿದೆ ಎಂದು ನಾನು ನಂಬಲಾರೆ.

ನಾನು ಕೇಳುತ್ತಿರುವುದು ಮುಖ್ಯವಾಗಿ ಒಂದು ನಕ್ಷೆ. ದೊಡ್ಡ ಹಾಳೆಯ ಮೇಲೆ ಕೈಯಲ್ಲಿ ಬರೆದದ್ದಾದರೂ ಆಗುತ್ತದೆ. ಊರಿನ ಒರತೆಗಳು, ಗುಡ್ಡದಿಂದ ತಾನಾಗಿ ಇಳಿದುಬರುವ ಅಬ್ಬಿ ನೀರಿನ ಮೂಲಗಳು, ಹಳ್ಳಗಳು ಮೊದಲು ಹರಿಯುತ್ತಿದ್ದ ದಾರಿ ಮತ್ತು ಈಗಿನ ದಾರಿ, ಹಳ್ಳ ದಾಟುವ ಕಾಲುಸಂಕಗಳು, ರಸ್ತೆಯಡಿಯ ಮೋರಿಗಳು, ಬಿರುಕು ಬಿಟ್ಟ ಧರೆಗಳು, ಕೆರೆಯ ಕೋಡಿ, ಏಪ್ರಿಲ್‌ನಲ್ಲೂ ಬತ್ತದ ಬಾವಿ ಯಾವುದು, ಫೆಬ್ರುವರಿಗೇ ಬತ್ತುವುದು ಯಾವುದು, ಇವೆಲ್ಲ ಅದರಲ್ಲಿರಬೇಕು. ಇದನ್ನು ಹೇಳಬಲ್ಲವರು ಊರಲ್ಲಿದ್ದಾರೆ. ಬಾವಿಯಿಂದ ನೀರು ಸೇದಿದ ಹೆಂಗಸರಿಗೆ ಯಾವ ವರ್ಷ ಹಗ್ಗ ಎಷ್ಟು ಉದ್ದ ಬೇಕಾಯಿತು ಎಂಬುದು ನೆನಪಿದೆ. ಕೊನೆಗೌಡರು ಹತ್ತಾರು ತೋಟ ಹತ್ತಿಳಿದವರು, ಯಾವ ತೋಟದ ಕಾಲುವೆಯಲ್ಲಿ ನೀರು ನಿಲ್ಲುತ್ತದೆ ಎಂದು ಅವರಿಗೆ ಗೊತ್ತು. ದನ ಮೇಯಿಸುವವರು, ವಿದ್ಯುತ್ ತಂತಿ ನೋಡುವ ಲೈನ್‌ಮನ್‌ಗಳು, ಆಶಾ ಕಾರ್ಯಕರ್ತೆಯರು, ನೀರು ಬಿಡುವ ವಾಟರ್‌ಮನ್‌ಗಳು ಊರಿನ ಮೂಲೆ ಮೂಲೆ ಬಲ್ಲವರು. ಗ್ರಾಮ ಸಭೆಯಲ್ಲಿ ಮುಂದಿನ ಕುರ್ಚಿಯಲ್ಲಿ ಕೂರುವ ನಾವು ಕೆಲವರು ಮಾತ್ರ ಮಾತಾಡಿದರೆ ಈ ತಿಳಿವಳಿಕೆ ದಾಖಲೆಗೆ ಬರುವುದಿಲ್ಲ. ವಾರ್ಡ್ ಸಭೆಯನ್ನು ಮಜರೆಯಲ್ಲೇ ನಡೆಸಿ, ಸಂಜೆ ಹೊತ್ತಿಗೆ ನಡೆಸಿ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ ಕೊಟ್ಟಿತು. ನಮ್ಮ ಭಾಗದ ಎಷ್ಟೋ ಗ್ರಾಮ ಸಭೆಗಳಲ್ಲಿ ಕಸ್ತೂರಿರಂಗನ್ ವರದಿ ಬೇಡವೆಂದು ನಿರ್ಣಯವಾಯಿತು. ನಮ್ಮನ್ನು ಕೇಳದೆ ನಮ್ಮ ಊರಿಗೆ ಬಣ್ಣ ಬಳಿದ ನಕ್ಷೆ ಬೇಡ ಎಂಬುದು ಆ ನಿರ್ಣಯಗಳ ತಿರುಳಾಗಿತ್ತು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಗಾಡ್ಗೀಳ್ ಸಮಿತಿಯೂ ಗ್ರಾಮ ಸಭೆಗಳ ಮಾತು ಕೇಳಿಯೇ ಮುಂದುವರಿಯಬೇಕು ಎಂದಿತ್ತು. ಆದರೆ ಹೊರಗಿನವರ ನಕ್ಷೆ ಬೇಡವೆಂದ ಮೇಲೆ ನಮ್ಮ ನಕ್ಷೆ ಎಲ್ಲಿ? ಬೇಡ ಎನ್ನುವ ನಿರ್ಣಯ ಬರೆದ ಅದೇ ಪುಸ್ತಕದಲ್ಲಿ ನಮ್ಮೂರಿನ ಗುಡ್ಡ, ನೀರು, ಕಾಡನ್ನು ನಾವು ಹೀಗೆ ಕಾಯುತ್ತೇವೆ ಎಂಬ ನಿರ್ಣಯವೂ ಇರಬೇಕಿತ್ತು. ಅದು ಬಾರದಿರುವುದರಿಂದ ನಮ್ಮ ವಿರೋಧದ ಬಲವೇ ಕುಗ್ಗಿದೆ. ಪಂಚಾಯಿತಿಯ ಹೊಣೆ ಹೊತ್ತವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.

ಕಾನೂನಿನ ಆಸರೆಯೂ ಇದೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಸಭೆಗೆ ಅಧಿಕಾರ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಎಷ್ಟೋ ಕಡೆ ಆ ದಾಖಲಾತಿ ಗಡುವಿನೊಳಗೆ ಮುಗಿಸುವ ಅವಸರದಲ್ಲಿ ತಯಾರಾಗಿ ಕಪಾಟು ಸೇರಿತು. ಸಮಿತಿಯ ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿಲ್ಲ. ಅದನ್ನು ಹೊರತೆಗೆಯಿರಿ. ಸೊರಬದ ಕಾನುಗಳು, ಅಂದರೆ ನಿತ್ಯಹಸಿರು ಕಾಡುಗಳು, ತೋಟಕ್ಕೆ ಸೊಪ್ಪು ಕೊಡುವ ಹೊಸನಗರ ಸಾಗರದ ಸೊಪ್ಪಿನಬೆಟ್ಟಗಳು ನೀರಿನ ಮೂಲವೂ ಹೌದು. ಕಾನು ಉಳಿದ ಕಡೆ ಕೆಳಗಿನ ಒರತೆ ಬೇಸಿಗೆಯಲ್ಲೂ ಜಿನುಗುತ್ತದೆ, ಕಾನು ಕಡಿದು ಅಕೇಶಿಯಾ ಹಾಕಿದ ಕಡೆ ಹಾಗೆ ಜಿನುಗುವುದಿಲ್ಲ. ಇದನ್ನು ನಮ್ಮ ಕಡೆಯ ಹಿರಿಯರು ಒಬ್ಬರಲ್ಲ ಒಬ್ಬರು ಹೇಳಿಯೇ ಹೇಳುತ್ತಾರೆ. ಸಸಿ ನೆಡುವ ಲೆಕ್ಕ ಬರೆಯುವ ಮೊದಲು ಇರುವ ಕಾನನ್ನು ಬೆಂಕಿಯಿಂದ, ಒತ್ತುವರಿಯಿಂದ ಉಳಿಸುವ ಲೆಕ್ಕ ಬರೆಯೋಣ. ನೆಡುವುದೇ ಆದರೆ ನೇರಳೆ, ಹಲಸು, ಮುರುಗಲು, ಹೊನ್ನೆ, ಮತ್ತಿ ನೆಡಿ. ದರಕಿಗೂ (ಉದುರಿದ ಒಣ ಎಲೆ) ಸೊಪ್ಪಿಗೂ ಬರುವ ಮರ ಊರಿನವರ ಕಾವಲಿನಲ್ಲಿ ಉಳಿಯುತ್ತದೆ.

ಈಗ ಮಳೆಮಾಪಕ. ಹೊರಗಿನವರಿಗೆ ಸಣ್ಣದೆನಿಸುವ, ನಮಗೆ ಬದುಕಿನ ಪ್ರಶ್ನೆಯಾದ ವಸ್ತು ಇದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ಇರಿಸಿದೆ. ಪಂಚಾಯಿತಿಗೊಂದು ಮಳೆಮಾಪಕವೆಂದರೆ ದೊಡ್ಡ ವ್ಯವಸ್ಥೆ. ಬೇಲಿಯೊಳಗೆ ಒಂದು ಕಂಬ, ಸೌರಫಲಕ, ಮೇಲೊಂದು ಆಲಿಕೆ. ಆಲಿಕೆಯಿಂದ ಇಳಿದ ನೀರು ಒಳಗಿನ ಪುಟ್ಟ ಬಟ್ಟಲನ್ನು ತುಂಬುತ್ತದೆ, ತುಂಬಿದ ಬಟ್ಟಲು ಮಗುಚಿ ಪಕ್ಕದ್ದು ಮೇಲೆ ಬರುತ್ತದೆ. ಎಷ್ಟು ಬಾರಿ ಮಗುಚಿತು ಎಂಬ ಎಣಿಕೆಯೇ ಮಳೆಯ ಲೆಕ್ಕವಾಗಿ ಕೇಂದ್ರಕ್ಕೆ ಹೋಗುತ್ತದೆ. ಆಲಿಕೆಯ ಬಾಯಿಗೆ ಒಂದು ಹಲಸಿನ ಎಲೆ ಅಡ್ಡ ಕೂತರೆ, ಜೇಡ ಬಲೆ ಕಟ್ಟಿದರೆ, ಸೌರಫಲಕದ ಮೇಲೆ ಪಾಚಿ ಬೆಳೆದು ಬ್ಯಾಟರಿ ಸತ್ತರೆ, ಊರು ಕೊಚ್ಚಿಹೋಗುವ ಮಳೆ ಬಂದರೂ ದಾಖಲೆಯಲ್ಲಿ ಬಿಸಿಲೇ ಇರುತ್ತದೆ.

ನಮ್ಮ ಅಡಿಕೆ, ಕಾಳುಮೆಣಸಿನ ವಿಮೆ ನಿಂತಿರುವುದು ಈ ಬಟ್ಟಲ ಮೇಲೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಮಳೆಯ ಅಂಕಿಅಂಶ ನಿಗದಿತ ಮಿತಿ ದಾಟಿತೇ ಇಲ್ಲವೇ ಎಂದು ನೋಡಿ ಪರಿಹಾರ ತೀರ್ಮಾನವಾಗುತ್ತದೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ ಶೇ 5, ಅಂದರೆ 6,400 ರೂಪಾಯಿ ರೈತನ ಕಂತು. ಕಂತು ಕಟ್ಟಿದವನ ಪಂಚಾಯಿತಿಯಲ್ಲಿ ಮಾಪಕ ಕೆಟ್ಟು ನಿಂತಿದ್ದರೆ ಬೇರೆಲ್ಲಿಯದೋ ಅಂಕಿ ಹಿಡಿದು ಲೆಕ್ಕ ಹಾಕುವ ಪರಿಸ್ಥಿತಿ ಬರುತ್ತದೆ. ಘಟ್ಟದ ಅಂಚಿನಲ್ಲಿ ಹತ್ತು ಕಿಲೋಮೀಟರಿಗೆ ಮಳೆ ಅರ್ಧವಾಗುವ ಜಾಗದಲ್ಲಿ ಬೇರೆಲ್ಲಿಯದೋ ಅಂಕಿ ಎಂದರೆ ಅನ್ಯಾಯ ಎಂದೇ ಅರ್ಥ. ಈ ಅನ್ಯಾಯ ನಮ್ಮ ಕಡೆ ನಡೆದಿದೆ. ಒಂದೇ ಹಳ್ಳದ ಎರಡು ದಂಡೆಯ ರೈತರು, ಪಂಚಾಯಿತಿ ಬೇರೆಯಾದ ಕಾರಣಕ್ಕೆ, ಒಬ್ಬರು ಪರಿಹಾರ ಪಡೆದು ಇನ್ನೊಬ್ಬರು ಬರಿಗೈಯಲ್ಲಿ ಕೂತಿದ್ದಾರೆ.

ಇದನ್ನು ಸರಿಪಡಿಸುವುದು ಪಂಚಾಯಿತಿಯ ಕೈಯಲ್ಲಿ ಪೂರ್ತಿ ಇಲ್ಲ ಎಂಬುದು ನನಗೆ ಗೊತ್ತು. ಆದರೂ ಕೈಯಲ್ಲಿರುವಷ್ಟು ಮಾಡಬಹುದು. ಮೇ ತಿಂಗಳಲ್ಲಿ ಮಾಪಕದ ಸುತ್ತ ಸವರಿ, ಮೇಲೆ ಬಾಗಿದ ಕೊಂಬೆ ಕಡಿಸಿ, ಸಂಬಂಧಪಟ್ಟವರಿಂದ ತಪಾಸಣೆ ಮಾಡಿಸಿ ಅದರ ದಿನಾಂಕವನ್ನು ನಡಾವಳಿಯಲ್ಲಿ ಬರೆಯಿರಿ. ಕೆಟ್ಟ ದಿನವೇ ಲಿಖಿತ ದೂರು ಹೋಗಲಿ, ಅದರ ಪ್ರತಿ ರೈತರಿಗೆ ಸಿಗಲಿ. ಹಿಂದಿನ ದಿನದ ಮಳೆ ಎಷ್ಟು ಎಂದು ಕಚೇರಿಯ ಹೊರಗಿನ ಹಲಗೆಯಲ್ಲಿ ದಿನವೂ ಬರೆಸಿ. ಜೊತೆಗೆ ಪ್ರತಿ ಶಾಲೆಯಲ್ಲಿ ಒಂದು ಸಾದಾ ಮಳೆಮಾಪಕ ಇಡಿಸಿ, ಬೆಳಿಗ್ಗೆ 8.30ಕ್ಕೆ ಮಕ್ಕಳೇ ಅಳೆದು ಪುಸ್ತಕದಲ್ಲಿ ಬರೆಯಲಿ. ಹತ್ತು ವರ್ಷ ಕಳೆದರೆ ಊರಿಗೆ ತನ್ನದೇ ಮಳೆಯ ದಾಖಲೆ ಇರುತ್ತದೆ. ಯಾವ ಮಳೆಗೆ ಯಾವ ಹಳ್ಳ ಎಷ್ಟು ಏರುತ್ತದೆ ಎಂದು ಆ ಮಕ್ಕಳೇ ಮುಂದೆ ಹೇಳಬಲ್ಲರು.

ಮೋರಿಯ ವಿಷಯವನ್ನೂ ಹೇಳದೆ ಇರಲಾರೆ. ನಮ್ಮ ಮಜರೆಗೆ ಬರುವ ರಸ್ತೆ ಒಂದು ಹಳ್ಳವನ್ನು ದಾಟುತ್ತದೆ. ಅಲ್ಲಿ ಎರಡು ಅಡಿ ವ್ಯಾಸದ ಸಿಮೆಂಟ್ ಪೈಪು ಹಾಕಿದ್ದಾರೆ. ಬೇಸಿಗೆಯಲ್ಲಿ ನೋಡಿದರೆ ಪೈಪೇ ಹೆಚ್ಚಾಯಿತು ಎನಿಸುತ್ತದೆ, ಹಳ್ಳ ಅಷ್ಟು ಸಣ್ಣದಾಗಿರುತ್ತದೆ. ಜುಲೈಯಲ್ಲಿ ಗುಡ್ಡದಿಂದ ಬರುವುದು ನೀರಷ್ಟೇ ಅಲ್ಲ. ಒಣಗಿದ ಸೋಗೆ, ಬಿದಿರಿನ ಬುಡ, ಮುರಿದ ಕೊಂಬೆ, ಅಡಿಕೆ ಹಾಳೆ ಎಲ್ಲವೂ ಬರುತ್ತವೆ. ಒಂದು ಕೊಂಬೆ ಪೈಪಿನ ಬಾಯಿಗೆ ಅಡ್ಡಬಿದ್ದರೆ ಸೋಗೆ ಅದರ ಮೇಲೆ ಹೆಣೆದುಕೊಳ್ಳುತ್ತದೆ, ಗಂಟೆಯೊಳಗೆ ಬಾಯಿ ಮುಚ್ಚುತ್ತದೆ. ಆಮೇಲೆ ಹಳ್ಳ ರಸ್ತೆಯನ್ನು ಹತ್ತಿ, ಆಚೆಯ ಧರೆಯನ್ನು ಕೊರೆದು, ಕೆಳಗಿನ ತೋಟದ ನಡುವೆ ಹೊಸ ದಾರಿ ಮಾಡಿಕೊಳ್ಳುತ್ತದೆ. ರಸ್ತೆ ಹೋಗುತ್ತದೆ, ತೋಟ ಹೋಗುತ್ತದೆ, ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಬೇಸಿಗೆ ಬಂದಾಗ ಹೊಸ ಅಂದಾಜುಪಟ್ಟಿ ತಯಾರಾಗುತ್ತದೆ, ಅದೇ ಜಾಗ, ಅದೇ ಎರಡು ಅಡಿ ಪೈಪು. ಇಲ್ಲಿ ಬೇಕಾಗಿರುವುದು ಕೊಂಬೆ ಸಮೇತ ನೀರು ಹಾಯುವಂಥ ಅಗಲವಾದ ಚಪ್ಪಡಿ ಮೋರಿ. ಖರ್ಚು ಒಮ್ಮೆ ಹೆಚ್ಚು ಬೀಳುತ್ತದೆ, ವರ್ಷ ವರ್ಷ ಬೀಳುವುದು ತಪ್ಪುತ್ತದೆ. ಎಂಜಿನಿಯರುಗಳನ್ನು ಮಳೆಗಾಲದಲ್ಲಿ ಒಮ್ಮೆ ಹಳ್ಳದ ಬಳಿ ನಿಲ್ಲಿಸಿ ಅಂದಾಜುಪಟ್ಟಿ ಮಾಡಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಕಾಲುಸಂಕಗಳಿಗೂ ಇದೇ ಮಾತು. ಸೀಳಿದ ಅಡಿಕೆ ಮರದ ದಬ್ಬೆ ಹಾಸಿದ ಸಂಕದ ಮೇಲೆ ಪುಟ್ಟ ಮಕ್ಕಳು ಚೀಲ ಹೊತ್ತು ಹೋಗುವುದನ್ನು ಇಷ್ಟು ವರ್ಷ ಸಹಿಸಿಕೊಂಡದ್ದೇ ಹೆಚ್ಚು.

ಒಳ್ಳೆಯ ಕೆಲಸಗಳೂ ನಡೆದಿವೆ. ನಮ್ಮ ಪಕ್ಕದ ಮಜರೆಯ ಕೆರೆಯನ್ನು ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತಿದರು. ಮೊದಲ ಅಂದಾಜಿನಲ್ಲಿ ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಯನ್ನು ಎತ್ತರಿಸಿ ಕಾಂಕ್ರೀಟ್ ಹಾಕುವ ಪ್ರಸ್ತಾಪವಿತ್ತು. ಏರಿ ಹಳೆಯ ಮಣ್ಣಿನದು, ಅಷ್ಟು ನೀರಿನ ಒತ್ತಡ ತಡೆಯದು, ಮೇಲಿನ ಗದ್ದೆಗಳೂ ಮುಳುಗುತ್ತವೆ ಎಂದು ಅಲ್ಲಿನ ಅಚ್ಚುಕಟ್ಟಿನವರು ಸಭೆಯಲ್ಲಿ ಎದ್ದು ಹೇಳಿದರು. ಅಂದಿನ ಅಧ್ಯಕ್ಷರು ಕೇಳಿಸಿಕೊಂಡರು, ಎಂಜಿನಿಯರರನ್ನು ಮತ್ತೆ ಕರೆಸಿ ಏರಿಯ ಮೇಲೆ ನಡೆಸಿದರು. ಕೋಡಿ ಇದ್ದಷ್ಟೇ ಎತ್ತರ ಉಳಿಯಿತು, ಉಳಿದ ಹಣದಲ್ಲಿ ತೂಬು ದುರಸ್ತಿಯಾಯಿತು, ಮೇಲಿನ ಹಳ್ಳಕ್ಕೆ ಹೂಳು ತಡೆಯುವ ಕಲ್ಲುಕಟ್ಟು ಹಾಕಿದರು. 2023ರ ಬರದಲ್ಲೂ ಆ ಕೆರೆಯ ಕೆಳಗಿನ ಬಾವಿಗಳಲ್ಲಿ ನೀರಿತ್ತು, ಮರುವರ್ಷದ ಮಳೆಗೂ ಏರಿ ಅಲುಗಲಿಲ್ಲ. ಹಣ ಅಷ್ಟೇ, ಯೋಜನೆ ಅದೇ. ಕೇಳಿಸಿಕೊಂಡದ್ದರಿಂದ ಬಂದ ಫಲ ಇದು. ಇಂಥ ಅಧ್ಯಕ್ಷರು ಇನ್ನೂ ಹಲವು ಪಂಚಾಯಿತಿಗಳಲ್ಲಿ ಇದ್ದಾರೆ, ಅವರಿಗೆ ಈ ಪತ್ರದ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ.

ನೆರೆಯ ಕೇರಳದ ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲಿ ಇಂಗಾಲ ಸಮತೋಲನದ, ಅಂದರೆ ಊರು ಹೊರಬಿಡುವ ಇಂಗಾಲವನ್ನು ಅಷ್ಟೇ ಪ್ರಮಾಣದಲ್ಲಿ ಹೀರಿಕೊಳ್ಳುವ ಹಾಗೆ ಮಾಡುವ, ಗುರಿ ಇಟ್ಟುಕೊಂಡು ಕೆಲಸ ಶುರುಮಾಡಿತು. ಒಂದು ಗ್ರಾಮ ಪಂಚಾಯಿತಿ ಅಷ್ಟು ದೂರ ಯೋಚಿಸಬಹುದು ಎಂಬುದಕ್ಕೆ ಅದು ಸಾಕ್ಷಿ. ನಮಗೆ ಮೊದಲು ಬೇಕಾದದ್ದು ಇಂಗಾಲದ ಲೆಕ್ಕಕ್ಕಿಂತ ಧರೆ, ಹಳ್ಳ, ಒರತೆಗಳ ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಹಣದ ಮಾತು. ಹಣವೇ ಇಲ್ಲ ಎನ್ನುವಂತಿಲ್ಲ. 2021ರಿಂದ 26ರ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಅದೇ ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ನ್ನು ವಿಪತ್ತು ಬಾರದಂತೆ ತಡೆಯುವ ಕೆಲಸಕ್ಕೆ ಇಡಬೇಕೆಂದು ಹೇಳಿತು. ತಡೆಯುವ ಕೆಲಸದ ಹಣದಲ್ಲಿ ಎಷ್ಟು ಪಾಲು ಮಲೆನಾಡಿನ ಹಳ್ಳಿಗಳ ಧರೆಗೆ, ಹಳ್ಳಕ್ಕೆ ಬಂತು ಎಂಬುದನ್ನು ಜಿಲ್ಲಾಡಳಿತ ಪಂಚಾಯಿತಿವಾರು ಪ್ರಕಟಿಸಲಿ.

ಹಣಕ್ಕಿಂತ ದೊಡ್ಡ ತೊಡಕು ಕಾಲದ್ದು. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರು. ಕ್ರಿಯಾಯೋಜನೆಗೆ ಅನುಮೋದನೆ ಸಿಕ್ಕಿ, ಅಂದಾಜು ಆಗಿ, ಕಾರ್ಯಾದೇಶ ಬರುವ ಹೊತ್ತಿಗೆ ಮೃಗಶಿರಾ ಮಳೆ ಹಿಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮಣ್ಣಿನ ಕೆಲಸ ಸಾಧ್ಯವಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಗದ್ದೆ ಕೊಯ್ಲು, ಅಡಿಕೆ ಕೊಯ್ಲು, ಆಳು ಸಿಗುವುದಿಲ್ಲ. ಕೊನೆಗೆ ಎಲ್ಲವೂ ಮಾರ್ಚ್‌ನಲ್ಲಿ ಬಿಲ್ಲಿನ ಅವಸರದಲ್ಲಿ ಮುಗಿಯುತ್ತದೆ. ಅವಸರದಲ್ಲಿ ಹಾಕಿದ ಕಾಂಕ್ರೀಟಿಗೆ ಕ್ಯೂರಿಂಗ್ ಮಾಡಲು ನೀರೂ ಇರುವುದಿಲ್ಲ. ಬಯಲುಸೀಮೆಯ ಕ್ಯಾಲೆಂಡರನ್ನು ನಮ್ಮ ಮೇಲೆ ಹೇರಬೇಡಿ. ಮಲೆನಾಡಿನ ತಾಲ್ಲೂಕುಗಳ ಕ್ರಿಯಾಯೋಜನೆಗೆ ಡಿಸೆಂಬರ್ ಒಳಗೆ ಅನುಮೋದನೆ ಕೊಡಿ, ಜನವರಿಯಿಂದ ಮೇ ಮಧ್ಯದವರೆಗೆ ಕೆಲಸ ಮಾಡಿಸಿ. ಇದೊಂದು ಬದಲಾವಣೆ ಜಿಲ್ಲಾ ಪಂಚಾಯಿತಿಯಿಂದ ಆದರೆ ಉಳಿದದ್ದರ ಅರ್ಧ ತಾನಾಗಿಯೇ ಸರಿಯಾಗುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಮ್ಮ ಹೋಬಳಿಯ ದನಿಯನ್ನು ಜಿಲ್ಲೆಯ ಸಭೆಗೆ ಒಯ್ಯುವ ಚುನಾಯಿತರು ಇಲ್ಲದೆ ಹೋದ ಆ ವರ್ಷಗಳಲ್ಲೇ ಬರವೂ ಅತಿವೃಷ್ಟಿಯೂ ಬಂದುಹೋದವು. ಅಧಿಕಾರಿಗಳು ದುಡಿದಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಪ್ರಶ್ನೆ ಕೇಳುವ ಸದಸ್ಯರ ಜಾಗವನ್ನು ಯಾವ ಅಧಿಕಾರಿಯೂ ತುಂಬಲಾರರು. ಸರ್ಕಾರ ಇಂಥ ಖಾಲಿತನಕ್ಕೆ ಮತ್ತೆ ಅವಕಾಶ ಕೊಡಬಾರದು.

ಮಂಗನ ಕಾಯಿಲೆಯನ್ನು ಈ ಯೋಜನೆಯಿಂದ ಹೊರಗಿಡಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿತೆಗೆದುಕೊಂಡಿತು. ಮಳೆ ನಿಂತು ಕಾಡು ಒಣಗುತ್ತಾ ಬಂದಂತೆ ಈ ರೋಗ ಹರಡುವ ಉಣುಗು (ಉಣ್ಣೆ) ಹೆಚ್ಚುತ್ತದೆ. ದರಕು ತರಲು, ಸೌದೆ ತರಲು ಹೋದವರಿಗೆ ಕಚ್ಚುತ್ತದೆ. ಮಂಗ ಸತ್ತ ಸುದ್ದಿ ಮೊದಲು ತಲುಪುವುದು ಪಂಚಾಯಿತಿಗೆ. ಆ ಸುದ್ದಿ ಅದೇ ದಿನ ಆರೋಗ್ಯ ಇಲಾಖೆಗೆ ಮುಟ್ಟುವ ವ್ಯವಸ್ಥೆ, ನವೆಂಬರಿನಲ್ಲೇ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಆಶಾ ಕಾರ್ಯಕರ್ತೆಯರ ಕೈಸೇರುವ ವ್ಯವಸ್ಥೆ ಇದ್ದರೆ ಎಷ್ಟೋ ಮನೆಗಳು ಉಳಿಯುತ್ತವೆ.

ನನ್ನ ಕೋರಿಕೆ ಇಷ್ಟು. ರೋಹಿಣಿ ಮಳೆಗೆ ಮುಂಚೆ ಪ್ರತಿ ಪಂಚಾಯಿತಿಯೂ ನೀರು ಮತ್ತು ಧರೆಗಾಗಿಯೇ ಒಂದು ವಿಶೇಷ ಗ್ರಾಮ ಸಭೆ ಕರೆಯಲಿ, ಅದಕ್ಕೆ ಮೊದಲು ಮಜರೆ ಮಜರೆಯಲ್ಲಿ ವಾರ್ಡ್ ಸಭೆ ನಡೆಯಲಿ. ಅಲ್ಲಿ ಬರೆದ ನಕ್ಷೆಯನ್ನು ಪಂಚಾಯಿತಿಯ ಗೋಡೆಗೆ ಹಾಕಿಸಿ, ಒಂದು ಪ್ರತಿಯನ್ನು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಇಡಿ. ಜಿಲ್ಲಾ ಪಂಚಾಯಿತಿಯವರು ಆ ನಕ್ಷೆಯಲ್ಲಿ ಇಲ್ಲದ ಕಾಮಗಾರಿಗೆ ಅನುಮೋದನೆ ಕೊಡುವ ಮೊದಲು ಕಾರಣ ಕೇಳಲಿ. ನಮ್ಮ ಪಂಚಾಯಿತಿಯಲ್ಲಿ ಈ ಕೆಲಸಕ್ಕೆ ಊರಿನ ಕೆಲವರು ಕೂಡಿ ಹಳ್ಳಗಳ ಗುಂಟ ನಡೆದು ಗುರುತು ಹಾಕಿಕೊಡಲು ಒಪ್ಪಿದ್ದೇವೆ, ಸ್ತ್ರೀಶಕ್ತಿ ಸಂಘದವರು ಬಾವಿ ಮತ್ತು ಒರತೆಗಳ ಪಟ್ಟಿ ಮಾಡಲು ಮುಂದೆ ಬಂದಿದ್ದಾರೆ. ನಮ್ಮ ಪಂಚಾಯಿತಿಯ ಸಭೆಯ ದಿನಾಂಕವನ್ನು ಹದಿನೈದು ದಿನ ಮೊದಲು ತಿಳಿಸಿದರೆ ನಾವೆಲ್ಲ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ